ನೂರ ಹದಿನೇಳನೆಯ ಮರದ ಒಳಗಿನ ಸಂಸಾರ

ಮಾನ್ಯ ಅರಣ್ಯ ವಿಭಾಗದ ಮುಖ್ಯಾಧಿಕಾರಿಗಳೇ,

ತಾವು ನನ್ನ ತಾಯಿಗೆ ಕಳುಹಿಸಿದ ಕಾರಣ ಕೇಳುವ ನೋಟೀಸು ಕಳೆದ ಸೋಮವಾರ ತಲುಪಿತು. ತಮ್ಮ ನರ್ಸರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಾಡಿನ ಬೀಜ ಆಯ್ದು ತರುವ ಕೆಲಸದಲ್ಲಿರುವ ಆಕೆ ಈ ವರ್ಷ "ಅಕ್ಷಮ್ಯ ಉದಾಸೀನ" ತೋರಿದ್ದಾಳೆಂದೂ, ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದೂ ಅದರಲ್ಲಿದೆ. ವಿವರಣೆ ಇದು: ಬೀಜ ಬರಲಿಲ್ಲ, ಏಕೆಂದರೆ ಬೀಜ ತಂದುಕೊಡುತ್ತಿದ್ದ ಹಕ್ಕಿಯ ಮನೆಯನ್ನು ತಾವು ಕಡಿಸಿದಿರಿ. ಕಡಿಯಬೇಕೆಂದು ಆ ಮರಕ್ಕೆ ಕೆಂಪು ಪಟ್ಟಿ ಬಳಿದವಳು ನನ್ನ ತಾಯಿಯಲ್ಲ, ನಾನು. ಬೇಡವೆಂದು ಹೇಳಿದವಳು ಆಕೆ. ಈ ಉತ್ತರವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ತಮ್ಮ ಕಚೇರಿಯ ಟಪಾಲು ಕಿಟಕಿಗೆ ಕೊಡಬಹುದಿತ್ತು. ಆದರೆ ಒಳಗೆ ಏನಿದೆ ಎಂದು ನೋಡುವ ಮೊದಲೇ ತೀರ್ಮಾನಿಸುವ ಅಭ್ಯಾಸ ತಮ್ಮ ಕಚೇರಿಗಿದೆ. ಆದ್ದರಿಂದ ಎಲ್ಲರೂ ಓದುವ ಪತ್ರಿಕೆಯಲ್ಲಿ, ತೆರೆದಿಟ್ಟೇ ಬರೆಯುತ್ತಿದ್ದೇನೆ. ತಮ್ಮ ನೋಟೀಸು ನನ್ನ ತಾಯಿಯನ್ನು ಏಕವಚನದಲ್ಲಿ ಕರೆದಿದೆ. ಈ ಪತ್ರದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ. ನನಗೆ ಆ ಹಕ್ಕು ಹುಟ್ಟಿನಿಂದ ಬಂದದ್ದು, ತಮಗೆ ಎಲ್ಲಿಂದ ಬಂತೆಂದು ತಿಳಿಯದು.

ನನ್ನ ಪರಿಚಯ ತಮಗೆ ಹೊಸದಲ್ಲ. ಅರಣ್ಯ ವಿಜ್ಞಾನದ ಪದವಿಯಲ್ಲಿ ನಾಲ್ಕು ವರ್ಷವೂ ಪ್ರಥಮ ಸ್ಥಾನದಲ್ಲಿದ್ದು ಚಿನ್ನದ ಪದಕ ಪಡೆದವಳು. ತಮ್ಮ ಕಚೇರಿಯಲ್ಲಿ ತರಬೇತಿಗೆ ಬಂದಾಗ "ದೋಷರಹಿತ ಕ್ಷೇತ್ರಕಾರ್ಯ"ಕ್ಕಾಗಿ ತಾವೇ ಸಹಿ ಮಾಡಿ ಮೆಚ್ಚುಗೆ ಪತ್ರ ಕೊಟ್ಟದ್ದು ನನಗೆ. ನರ್ಸರಿಯ ಹೆಂಗಸರು ನನ್ನನ್ನು ಪದಕದಮ್ಮ ಎಂದು ಕರೆಯುತ್ತಾರೆ; ಅದರಲ್ಲಿ ಅರ್ಧ ಹೆಮ್ಮೆ, ಅರ್ಧ ಕೀಟಲೆ. ಇದನ್ನೆಲ್ಲ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಹೇಳಲಿರುವ ತಪ್ಪು ಕಡಿಮೆ ಅಂಕ ತೆಗೆದವರಿಂದ ಆಗುವಂಥದ್ದಲ್ಲ. ನಾನು ತಮ್ಮ ಸುತ್ತೋಲೆಯನ್ನು ಸ್ವಲ್ಪ ಅಸಡ್ಡೆಯಿಂದ ಓದಿದ್ದರೆ ಆ ಮರ ಇವತ್ತಿಗೂ ನಿಂತಿರುತ್ತಿತ್ತು.

ಯೋಜನೆಯ ಹೆಸರು "ಅರಣ್ಯ ಆರೋಗ್ಯ ಸುಧಾರಣೆ". ಹೆಸರಿನ ಬಗ್ಗೆ ಯಾರಿಗೂ ತಕರಾರಿಲ್ಲ, ಆರೋಗ್ಯ ಬೇಡವೆನ್ನುವವರುಂಟೇ? ಸುತ್ತೋಲೆಯ ಒಂಬತ್ತನೆಯ ಕಂಡಿಕೆಯ ಪ್ರಕಾರ ಒಳಗೆ ಟೊಳ್ಳಾದ ಮರ ರೋಗಗಳ ತವರು. ಅದು ದಿಮ್ಮಿಗೆ ಬಾರದು, ಬೆಳಕನ್ನು ತಡೆಯುತ್ತದೆ, ಎಳೆಯ ಸಸಿಗಳಿಗೆ ಸೇರಬೇಕಾದ ಜಾಗವನ್ನು ಸುಮ್ಮನೆ ಹಿಡಿದುಕೊಂಡು ನಿಂತಿರುತ್ತದೆ. ಅಂಥ ಮರಗಳನ್ನು ಗುರುತಿಸಿ, ಕಡಿದು, ತೆರವಾದ ಜಾಗದಲ್ಲಿ ನರ್ಸರಿಯ ಎಂಟು ಸಾವಿರ ಸಸಿಗಳನ್ನು ನೆಡತಕ್ಕದ್ದು. ಗುರುತಿಸುವ ವಿಧಾನ ಸರಳ. ಎದೆಮಟ್ಟದಲ್ಲಿ ಕೊಡತಿಯಿಂದ ಮೂರು ಪೆಟ್ಟು ಹೊಡೆದು ಕಾಂಡಕ್ಕೆ ಕಿವಿಯಿಡಬೇಕು. ಗಟ್ಟಿ ಮರ ಗಂಟಲು ಕಟ್ಟಿದವರಂತೆ ಮೊಟಕಾಗಿ ಸದ್ದು ಮಾಡುತ್ತದೆ. ಟೊಳ್ಳು ಮರ ಡೋಲಿನಂತೆ ದನಿ ಎಳೆಯುತ್ತದೆ. ದನಿ ಎಳೆದ ಮರಕ್ಕೆ ನಾಲ್ಕು ಬೆರಳಗಲದ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಸಂಖ್ಯೆ, ಸಂಖ್ಯೆಗೊಂದು ನಮೂನೆ. ನಮೂನೆಯಲ್ಲಿ ಹನ್ನೊಂದು ಅಂಕಣಗಳು. ಹನ್ನೊಂದನೆಯದು "ವಿಶೇಷ ಟಿಪ್ಪಣಿ"; ಅದರ ಕೆಳಗೆ ಸಣ್ಣಕ್ಷರದಲ್ಲಿ "ಅಗತ್ಯವಿದ್ದಲ್ಲಿ ಮಾತ್ರ". ಇಪ್ಪತ್ತಾರು ದಿನಗಳಲ್ಲಿ ನೂರ ಐವತ್ತೆಂಟು ಮರಗಳಿಗೆ ಪಟ್ಟಿ ಬಳಿದೆ. ನೂರ ಐವತ್ತೆಂಟು ನಮೂನೆಗಳಲ್ಲಿ ಒಂದೇ ಒಂದು ಚಿತ್ತು ಕಾಟು ಇರಲಿಲ್ಲ. ಹನ್ನೊಂದನೆಯ ಅಂಕಣ ಅಷ್ಟರಲ್ಲೂ ಖಾಲಿ. ಅಗತ್ಯ ಎಂದರೆ ಏನೆಂದು ಸುತ್ತೋಲೆ ಹೇಳಿರಲಿಲ್ಲ. ಸುತ್ತೋಲೆ ಹೇಳದ್ದನ್ನು ಬರೆದು ಅಂಕ ಕಳೆದುಕೊಳ್ಳುವ ಹುಡುಗಿ ನಾನಲ್ಲ.

ನೂರ ಹದಿನೇಳನೆಯ ಮರದ ಬಳಿ ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಮಳೆ ನಿಂತಿದ್ದರೂ ಎಲೆಯಿಂದ ಎಲೆಗೆ ಇಳಿಯುವ ನೀರು ನಿಂತಿರಲಿಲ್ಲ. ಮಳೆಕಾಡಿನಲ್ಲಿ ಮಳೆ ಎರಡು ಸಲ ಸುರಿಯುತ್ತದೆ, ಮೊದಲು ಮೋಡದಿಂದ, ಆಮೇಲೆ ಮರದಿಂದ. ನನ್ನ ಜೊತೆ ಇಬ್ಬರು ಸಹಪಾಠಿಗಳು, ತಮ್ಮ ಕಚೇರಿಯ ಸರ್ವೇಯರ್ ಒಬ್ಬರು. ಆ ಮರದ ಬೇರುಗಳು ಬುಡದಿಂದ ಹಲಗೆಗಳಂತೆ ಎದ್ದು ನಿಂತಿದ್ದವು. ಎರಡು ಬೇರುಗಳ ನಡುವೆ ಒಬ್ಬರು ಆರಾಮಾಗಿ ಮಲಗಬಹುದಿತ್ತು. ಕಾಂಡದ ತುಂಬ ಹಾವಸೆ, ಜರೀಗಿಡ, ಅರಳಿ ಮುಗಿದ ಆರ್ಕಿಡ್‌ಗಳು. ಮೂರು ಪೆಟ್ಟು ಹೊಡೆದೆ. ಮರ ದನಿ ಎಳೆಯಿತು. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿರುವಾಗ ಅಮ್ಮ ಬಂದಳು. ಹೆಗಲ ಮೇಲೆ ಒದ್ದೆ ಗೋಣಿಚೀಲ, ಕೈಯಲ್ಲಿ ಕಡ್ಡಿಪೊರಕೆ, ಕಾಲಿಗೆ ಹತ್ತಿದ ಜಿಗಣೆಗಳನ್ನು ಕಿತ್ತೆಸೆಯುವಷ್ಟು ಪುರಸೊತ್ತೂ ಇಲ್ಲದ ನಡಿಗೆ.

"ಇದಕ್ಕೂ ಬಳೀತೀಯಾ?" ಎಂದಳು.

ಇದು ಟೊಳ್ಳು ಎಂದೆ.

"ಟೊಳ್ಳು ಅಂತ ನಂಗೆ ಗೊತ್ತಿಲ್ವಾ? ಹತ್ತೊಂಬತ್ತು ವರ್ಷದಿಂದ ಇದರ ಬುಡ ಗುಡಿಸ್ತಿದೀನಿ. ಅದು ಸಂಸಾರ ಇರೋ ಮನೆ ಕಣೆ. ಈಗ ಊರಿಗೆ ಹೋಗಿದಾರೆ. ಮಳೆ ಕಮ್ಮಿ ಆದ್ಮೇಲೆ ಬರ್ತಾರೆ."

ಸಹಪಾಠಿಗಳು ನಕ್ಕರು. ಸರ್ವೇಯರ್ ಅವರು ಬಹಳ ಗಂಭೀರವಾಗಿ, "ಹಾಗಾದ್ರೆ ಬಾಗಿಲಿಗೆ ಬೀಗ ಹಾಕ್ಕೊಂಡು ಹೋಗಿದಾರಾ ಬೀಜದಕ್ಕ?" ಎಂದು ಕೇಳಿದರು. ಅಮ್ಮನೂ ನಕ್ಕಳು, ಆಕೆಗೆ ತಮಾಷೆ ಅರ್ಥವಾಗುತ್ತದೆ, ತನ್ನ ಮೇಲಿನದಾದರೂ. ನಗದೆ ಇದ್ದವಳು ನಾನೊಬ್ಬಳೇ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ತಾಯಿ, ಕೆಸರಾದ ಸೆರಗು ಸಿಕ್ಕಿಸಿಕೊಂಡು, ನನ್ನ ಕೆಲಸದ ನಡುವೆ, ನನ್ನ ಸಹಪಾಠಿಗಳ ಎದುರು ಮರಕ್ಕೆ ಸಂಸಾರ ಕಟ್ಟಿದ್ದು ನನಗೆ ನಾಚಿಕೆ ತಂದಿತ್ತು. ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ: "ಅಮ್ಮ, ಒಂಬತ್ತನೇ ಕಂಡಿಕೆ ಓದಿದೀಯಾ? ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕ್ಬೇಡ."

ನಾನು ಬೇರಿನ ಮೇಲಿಟ್ಟಿದ್ದ ಬಣ್ಣದ ಡಬ್ಬಿ ಓಲಾಡುತ್ತಿತ್ತು. ಅದು ಚೆಲ್ಲದಂತೆ ಆಕೆ ಬಗ್ಗಿ ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು. ನಾನು ಬಳಿದೆ.

ಮಾನ್ಯರೇ, ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಮೂರನೆಯ ವರ್ಷದ ಪರೀಕ್ಷೆಯಲ್ಲಿ ಮಂಗಟ್ಟೆ ಹಕ್ಕಿಯ ಗೂಡಿನ ಬಗ್ಗೆ ಹದಿನೈದು ಅಂಕಗಳ ಪ್ರಶ್ನೆ ಬಂದಿತ್ತು. ಹದಿನೈದಕ್ಕೆ ಹದಿನೈದು ಪಡೆದವಳು ತರಗತಿಯಲ್ಲಿ ನಾನೊಬ್ಬಳೇ. ಆ ದೊಡ್ಡ ಕೊಕ್ಕಿನ ಹಕ್ಕಿಗೆ ಸ್ವತಃ ಮರ ಕೊರೆಯಲು ಬಾರದು, ತಾನಾಗಿಯೇ ಟೊಳ್ಳಾದ ದೊಡ್ಡ ಮರವೇ ಅದಕ್ಕೆ ಬೇಕು ಎಂದು ಬರೆದಿದ್ದೆ. ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಯನ್ನು ಮಣ್ಣು, ಹಿಕ್ಕೆ, ಹಣ್ಣಿನ ತಿರುಳಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕಿನ ತುದಿ ಹಿಡಿಸುವಷ್ಟೇ ಸೀಳು ಬಿಟ್ಟುಕೊಳ್ಳುತ್ತದೆ, ಒಳಗೆ ಕುಳಿತು ರೆಕ್ಕೆಯ ಗರಿಗಳನ್ನೆಲ್ಲ ಉದುರಿಸಿಬಿಡುತ್ತದೆ, ಮೂರು ನಾಲ್ಕು ತಿಂಗಳು ಹಾರಲಾರದ ಆ ತಾಯಿಗೂ ಮರಿಗೂ ಗಂಡು ಹಕ್ಕಿ ದಿನವಿಡೀ ಹಣ್ಣು ತಂದು ಸೀಳಿನಿಂದ ಉಣಿಸುತ್ತದೆ ಎಂದು ಬರೆದಿದ್ದೆ. ಚಿತ್ರವನ್ನೂ ಬಿಡಿಸಿದ್ದೆ. ಆ ಚಿತ್ರದ ಮರದ ಮುಂದೆಯೇ ನಿಂತು ಅದರ ಮೇಲೆ ಪಟ್ಟಿ ಬಳಿದೆ. ಅಮ್ಮ ಹಕ್ಕಿಯ ಹೆಸರು ಹೇಳಲಿಲ್ಲ, ಸಂಸಾರ ಎಂದಳು. ಯಾರ ಸಂಸಾರ ಎಂದು ನಾನು ಕೇಳಲಿಲ್ಲ. ಒಂದು ಪ್ರಶ್ನೆ ಕೇಳಲು ಒಂದು ಉಸಿರು ಸಾಕಾಗಿತ್ತು. ಮೊದಲ ಸ್ಥಾನದವರಿಗೆ ಉತ್ತರ ಹೇಳುವುದು ರೂಢಿ, ಪ್ರಶ್ನೆ ಕೇಳುವುದಲ್ಲ.

ಈಗ ತಾವು ಉದಾಸೀನ ಎಂದು ಕರೆದ ಕೆಲಸ ಎಂಥದ್ದೆಂದು ಹೇಳುತ್ತೇನೆ. ಮಳೆಕಾಡಿನ ದೊಡ್ಡ ಮರಗಳು ಹಣ್ಣು ಬಿಡುವುದು ತಲೆಯ ಮೇಲೆ ನೂರು ಅಡಿ ಎತ್ತರದಲ್ಲಿ. ಕೆಳಗೆ ನಿಂತವರಿಗೆ ಕಾಣುವುದು ಹಸಿರು ಕತ್ತಲೆ ಮಾತ್ರ. ಒಂದೇ ಜಾತಿಯ ಎರಡು ಮರಗಳ ನಡುವೆ ಅರ್ಧ ಗಂಟೆಯ ನಡಿಗೆ. ಯಾವುದು ಯಾವಾಗ ಹಣ್ಣಾಗುತ್ತದೆಂದು ಹೇಳುವ ಕ್ಯಾಲೆಂಡರನ್ನು ಯಾರೂ ಅಚ್ಚು ಹಾಕಿಲ್ಲ. ಆದರೆ ಮಂಗಟ್ಟೆಗೆ ಅದು ಬಾಯಿಪಾಠ. ಗಂಡು ಹಕ್ಕಿ ಕಾಡಿನ ಮೂಲೆಮೂಲೆಯಿಂದ ಹಣ್ಣು ನುಂಗಿಕೊಂಡು ಬಂದು ಉಣಿಸುತ್ತದೆ. ಗಟ್ಟಿ ಬೀಜಗಳನ್ನು ಎರಡೂ ಹಕ್ಕಿಗಳು ಉಗುಳುತ್ತವೆ, ಹಿಕ್ಕೆಯಲ್ಲಿ ಹೊರಹಾಕುತ್ತವೆ. ಅವೆಲ್ಲ ಬೀಳುವುದು ಗೂಡಿನ ಮರದ ಬುಡಕ್ಕೆ. ಕಾಡುಜಾಯಿಕಾಯಿ, ಅತ್ತಿ, ಹೆಸರಿಲ್ಲದ ಇನ್ನೆಷ್ಟೋ. ತಿರುಳು ಕಳೆದು ತೊಳೆದಿಟ್ಟಂತಿರುವ ಬೀಜ, ಬಿತ್ತಿದ ಹದಿನೈದು ದಿನಕ್ಕೆ ಮೊಳಕೆ. ಅಮ್ಮ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಇದನ್ನು ಕಂಡುಕೊಂಡಳು. ಅಂದಿನಿಂದ ಆ ಮರದ ಬುಡವನ್ನು ಮನೆಯಂಗಳದಂತೆ ಗುಡಿಸಿ ಬೀಜ ಆಯುತ್ತಿದ್ದಳು. ಪ್ರತಿ ಸಲವೂ ಒಂದು ಬೊಗಸೆಯನ್ನು ಅಲ್ಲೇ ಬೇರಿನ ಸಂದಿಗೆ ಸುರಿದು ಬರುತ್ತಿದ್ದಳು. ಏಕೆಂದು ಚಿಕ್ಕವಳಿದ್ದಾಗ ಕೇಳಿದ್ದೆ. ಎಲ್ಲವನ್ನೂ ನಾವೇ ಹೊತ್ತುಕೊಂಡು ಬಂದರೆ ಕಾಡು ಏನಂದುಕೊಳ್ಳುತ್ತದೆ ಎಂದಿದ್ದಳು. ತಮ್ಮ ವಹಿಯಲ್ಲಿ ಇದಾವುದೂ ಇಲ್ಲ. ಅಲ್ಲಿ "ಸಂಗ್ರಹಿಸಿದ ಸ್ಥಳ" ಎಂಬ ಖಾನೆಯಿದೆ, ಅದರಲ್ಲಿ ಹತ್ತೊಂಬತ್ತು ವರ್ಷ "ನಾಲ್ಕನೆಯ ವಿಭಾಗ" ಎಂದು ಬರೆಯಲಾಗಿದೆ. ಯಾರು ಸಂಗ್ರಹಿಸಿದರು ಎಂಬ ಖಾನೆ ಇದ್ದಿದ್ದರೆ ಅದರಲ್ಲಿ ಮೊದಲ ಹೆಸರು ಹಕ್ಕಿಯದು, ಎರಡನೆಯದು ಅಮ್ಮನದು.

ಹೀಗೆ, ಸಸಿ ನೆಡಲು ಜಾಗ ಮಾಡಬೇಕೆಂದು ತಾವು ಕಡಿಸಿದ್ದು ಸಸಿಗೆ ಬೀಜ ಕೊಡುತ್ತಿದ್ದ ಮರವನ್ನೇ. ಇದನ್ನು ವ್ಯಂಗ್ಯಕ್ಕೆಂದು ನಾನು ಕಲ್ಪಿಸಿಕೊಂಡಿದ್ದರೆ ಅತಿಯಾಯಿತೆಂದು ಅಳಿಸಿಹಾಕುತ್ತಿದ್ದೆ.

ಮಳೆ ಕಡಿಮೆಯಾಯಿತು. ಊರಿಗೆ ಹೋಗಿದ್ದವರು ಬಂದರು. ಅಮ್ಮ ಒಂದು ದಿನ ಊಟಕ್ಕೆ ಕುಳಿತಾಗ ಬಾಗಿಲು ಮೆತ್ತಾಯಿತು ಎಂದಳು. ನಾನು ಉದ್ಯೋಗದ ಪರೀಕ್ಷೆಗೆ ಓದುತ್ತಿದ್ದೆ, ಹೂಂ ಎಂದೆ. ಪಟ್ಟಿ ಬಳಿದ ಮರಗಳ ಕಡಿತಕ್ಕೆ ಆದೇಶ ಬಂದದ್ದು ಅದಾದ ಎಂಟು ವಾರಗಳಿಗೆ. ಅಮ್ಮ ಎರಡು ಸಲ ತಮ್ಮ ಕಚೇರಿಗೆ ಹೋದಳು. ಮೊದಲ ಸಲ ಅರ್ಜಿ ಬರೆದು ತರಲು ಹೇಳಿದರಂತೆ. ಎರಡನೆಯ ಸಲ ಅರ್ಜಿ ಬರೆಯಿಸಿಕೊಂಡು ಹೋದಾಗ, ತಾಂತ್ರಿಕ ವಿಷಯಗಳಲ್ಲಿ ನರ್ಸರಿಯ ಕೂಲಿಯವರ ಅರ್ಜಿ ಸ್ವೀಕರಿಸಲಾಗದು ಎಂದರಂತೆ. ಆ ಅರ್ಜಿಯನ್ನು ಬರೆದುಕೊಟ್ಟವಳು ನರ್ಸರಿಯ ಕಾವಲುಗಾರನ ಹೆಂಡತಿ. ಮನೆಯಲ್ಲೇ ಚಿನ್ನದ ಪದಕ ಇಟ್ಟುಕೊಂಡು ಆಕೆ ನೆರೆಮನೆಗೆ ಹೋಗಿ ಬರೆಯಿಸಿಕೊಂಡದ್ದು ಏಕೆಂದು ನನಗೆ ಆಮೇಲೆ ತಿಳಿಯಿತು. ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡವೆಂದು ನಾನು ಹೇಳಿದ್ದೆನಲ್ಲ.

ಕಡಿದ ದಿನ ಮಧ್ಯಾಹ್ನ ನಾನು ಅಮ್ಮನ ಜೊತೆ ನರ್ಸರಿಯ ಚಪ್ಪರದಡಿ ಚೀಲಗಳಿಗೆ ಮಣ್ಣು ತುಂಬುತ್ತಿದ್ದೆ. ಗರಗಸದವರ ಮೇಸ್ತ್ರಿ ಬಂದರು. ದೊಡ್ಡ ಮೈಕಟ್ಟಿನ, ಸದಾ ಹಾಸ್ಯ ಮಾಡುವ ಮನುಷ್ಯ. ಆವತ್ತು ಹಣ್ಣು ತುಂಬುವ ಮರದ ಪೆಟ್ಟಿಗೆಯೊಂದನ್ನು ಎದೆಗೊತ್ತಿಕೊಂಡು, ಮೇಲೆ ತೊಟ್ಟಿದ್ದ ಅಂಗಿ ಬಿಚ್ಚಿ ಹೊದಿಸಿ, ಬನಿಯನ್ನಿನಲ್ಲೇ ನಡೆದು ಬಂದಿದ್ದರು.

"ಅಕ್ಕ, ನಂಗೆ ಗೊತ್ತಿರ್ಲಿಲ್ಲ," ಎಂದರು. "ಮರ ಬಿದ್ದು ಸೀಳಿದ್ಮೇಲೆ ಒಳಗಿಂದ ಕೂಗು ಕೇಳಿಸ್ತು. ಮೇಲೆ ಇನ್ನೊಂದು ಹಕ್ಕಿ ಬೆಳಿಗ್ಗೆಯಿಂದ ಸುತ್ತುತಾನೇ ಇತ್ತು, ಗರಗಸದ ಸದ್ದಿಗೆ ಹೆದರಿದೆ ಅಂದ್ಕೊಂಡೆ."

ಅಮ್ಮ ಅಂಗಿ ಸರಿಸಿ ನೋಡಿದಳು. ಹೆಣ್ಣು ಹಕ್ಕಿ ಬದುಕಿತ್ತು. ರೆಕ್ಕೆಯಲ್ಲಿ ಗರಿಗಳಿರಲಿಲ್ಲ; ಮೊಳೆಯುತ್ತಿದ್ದ ಮೊಂಡು ಗರಿಗಳು ಮಾತ್ರ. ಪಕ್ಕದಲ್ಲಿ ಮರಿ, ಅದರ ಜೀವ ಹೋಗಿತ್ತು. ಇನ್ನೂ ಕಣ್ಣು ಪೂರ್ತಿ ಬಿಟ್ಟಿರಲಿಲ್ಲ.

"ನಂಗೆ ಕೊಟ್ಟ ಕಾಗದ ಓದ್ಕೊಂಡೇ ಹೋಗಿದ್ದೆ ಅಕ್ಕ," ಎಂದರು ಮೇಸ್ತ್ರಿ. "ಕೊನೇ ಖಾನೆ ಖಾಲಿ ಇತ್ತು. ಅಲ್ಲಿ ಒಂದೇ ಒಂದು ಮಾತು ಬರೆದಿದ್ರೆ ನಾನು ಗರಗಸ ಎತ್ತುತಿರ್ಲಿಲ್ಲ. ಯಾರು ಬರೆದಿದ್ದೋ ಏನೋ, ಅಕ್ಷರ ಮಾತ್ರ ಮುತ್ತಿನಂಗಿತ್ತು."

ಅಮ್ಮ ನನ್ನ ಕಡೆ ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ಹೋಗಿ ಕೈಕಾಲು ತೊಳೆದುಕೊಳ್ಳಿ, ನಿಮ್ಮ ತಪ್ಪಲ್ಲ ಎಂದು ಮೇಸ್ತ್ರಿಗೆ ಹೇಳಿ ಕಳುಹಿಸಿದಳು. ಆ ದಿನ ಆಕೆ ನನಗೆ ಒಂದು ಬಿರುಸು ಮಾತು ಆಡಿದ್ದರೆ ನಾನು ಇವತ್ತು ಈ ಪತ್ರವನ್ನು ಇಷ್ಟು ಉದ್ದ ಬರೆಯುತ್ತಿರಲಿಲ್ಲವೇನೋ.

ಹಕ್ಕಿ ಮೂರು ದಿನ ಬದುಕಿತು. ಮೊದಲ ದಿನ ನಾನು ನಾಲ್ಕು ಬಗೆಯ ಹಣ್ಣು ತಂದು ಕೊಕ್ಕಿನ ಮುಂದೆ ಹಿಡಿದೆ. ಅದು ಮುಖ ತಿರುಗಿಸಿತು. ನನ್ನ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ, ಇರಲಿಲ್ಲ. ಮರುದಿನ ಅಮ್ಮ ನರ್ಸರಿಯ ಬೀಜದ ಕಪಾಟಿನ ಬಾಯಿಗೆ ಗೋಣಿ ಕಟ್ಟಿ ಪರದೆ ಮಾಡಿ, ಹಕ್ಕಿಯನ್ನು ಕತ್ತಲೆಯೊಳಗಿಟ್ಟು, ಗೋಣಿಯಲ್ಲಿ ಎರಡು ಬೆರಳಗಲ ಸೀಳು ಬಿಟ್ಟಳು. ಆ ಸೀಳಿನಿಂದ ಅತ್ತಿಹಣ್ಣೊಂದನ್ನು ತೂರಿಸಿ, ಕೈ ಅಲ್ಲಾಡಿಸದೆ ಹಿಡಿದು ನಿಂತಳು. ಬಹಳ ಹೊತ್ತು. ಕೊನೆಗೆ ಒಳಗಿನಿಂದ ಕೊಕ್ಕಿನ ತುದಿ ಬಂದು ಹಣ್ಣನ್ನು ತೆಗೆದುಕೊಂಡಿತು. ಆ ದಿನ ಎರಡು ಹಣ್ಣು ತಿಂದಿತು, ಮರುದಿನ ಒಂದು. ನಾಲ್ಕನೆಯ ದಿನ ಬೆಳಿಗ್ಗೆ ಸೀಳಿನ ಬಳಿ ಯಾರೂ ಬರಲಿಲ್ಲ.

ಗಂಡು ಹಕ್ಕಿ ಹನ್ನೊಂದು ದಿನ ಬಂತು. ಅದು ಹಾರುವಾಗ ರೆಕ್ಕೆಯ ಸದ್ದು ದೂರದಿಂದಲೇ ಕೇಳುತ್ತದೆ, ಯಾರೋ ದೊಡ್ಡ ಬಟ್ಟೆಯನ್ನು ಗಾಳಿಯಲ್ಲಿ ಒದರಿದಂತೆ. ಮರವಿದ್ದ ಜಾಗದ ಪಕ್ಕದ ಕೊಂಬೆಯ ಮೇಲೆ ಕುಳಿತು ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದುಕೊಳ್ಳುತ್ತಿತ್ತು. ಮೊದಲು ಗೂಡಿದ್ದ ಎತ್ತರದ ಕಡೆಗೆ ಕತ್ತು ಚಾಚುತ್ತಿತ್ತು. ಅಲ್ಲಿ ಈಗ ಆಕಾಶವಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮತ್ತೆ ನುಂಗಿಕೊಂಡು ಹಾರಿಹೋಗುತ್ತಿತ್ತು. ಅಮ್ಮ ದಿನವೂ ಹೋಗಿ ನೋಡಿದಳು. ನಾನು ಒಂದೇ ದಿನ ಹೋದೆ. ಹನ್ನೆರಡನೆಯ ದಿನ ಬರಲಿಲ್ಲ ಎಂದು ಅಮ್ಮ ಹೇಳಿದಾಗ, ಅಸಹ್ಯವಾದ ಸತ್ಯವೊಂದನ್ನು ಹೇಳುತ್ತೇನೆ, ನನಗೆ ಸಮಾಧಾನವಾಯಿತು.

ಕಡಿದ ಮರದ ವಯಸ್ಸು ದಾಖಲಿಸಬೇಕೆಂದು ತಮ್ಮ ಕಚೇರಿಯಿಂದ ಒಬ್ಬರು ಬಂದು ಬುಡದ ಮೇಲೆ ಬಗ್ಗಿ ಉಂಗುರ ಎಣಿಸಲು ನೋಡಿದರು. ಒಂದು ಟೊಳ್ಳು, ಸುತ್ತ ಒಂದು ಗೇಣು ಮರ, ಅದರಲ್ಲೂ ಸ್ಪಷ್ಟವಾದ ಒಂದು ಗೆರೆಯಿಲ್ಲ. ಚಳಿಗಾಲವಿಲ್ಲದ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಿಸಿ ಒಂದೇ ತೇವದ ಕಾಡಿನಲ್ಲಿ ಹೆಚ್ಚಿನ ಮರಗಳು ತಮ್ಮ ವರ್ಷಗಳನ್ನು ಬರೆದಿಡುವುದಿಲ್ಲ. "ವಯಸ್ಸು: ನಿರ್ಧರಿಸಲಾಗಿಲ್ಲ" ಎಂದು ಬರೆದುಕೊಂಡು ಹೋದರು. ಆ ಜಾಗದಲ್ಲಿ ಸಸಿಗಳನ್ನೂ ನೆಟ್ಟರು. ಮಳೆಕಾಡಿನ ಸಸಿ ತಾಯಿಮರಗಳ ನೆರಳಿನಲ್ಲಿ ವರ್ಷಗಟ್ಟಲೆ ಕಾಯಲು ಹುಟ್ಟಿದ್ದು, ಬಿಸಿಲಿಗಲ್ಲ. ನಾನು ಹೋಗಿ ಅಳೆದು ನೋಡಿದೆ, ಅಳೆಯುವುದೊಂದು ನನಗೆ ಗೊತ್ತಲ್ಲ. ನಡುಮಧ್ಯಾಹ್ನ ಮರಗಳಡಿಯ ನೆಲದ ಬಿಸಿ ಇಪ್ಪತ್ತೈದು ಡಿಗ್ರಿ. ಇಪ್ಪತ್ತು ಹೆಜ್ಜೆ ಆಚೆ, ಮರ ಬಿದ್ದ ಜಾಗದಲ್ಲಿ, ಮೂವತ್ತೊಂಬತ್ತು. ಜರೀಗಿಡಗಳು ಸುಟ್ಟ ಕಾಗದದಂತೆ ಮುದುಡಿದ್ದವು. ಮೊದಲು ಅಣಬೆಯ ಬಿಳಿ ಎಳೆಗಳು ಹೆಣೆದುಕೊಂಡಿದ್ದ ಎಲೆಗೊಬ್ಬರ ಪುಡಿಯಾಗಿ, ಮುಂದಿನ ಮಳೆಗೆ ಕೊಚ್ಚಿಹೋಗಿ, ಕೆಳಗಿನ ಕೆಂಪು ಬಡ ಮಣ್ಣು ಮೇಲೆದ್ದಿತು. ಕಾಡಿನ ಸಿರಿಯೆಲ್ಲ ಮರದಲ್ಲಿರುತ್ತದೆ, ಮಣ್ಣಿನಲ್ಲಿ ಅಲ್ಲ; ಮರ ಹೋದರೆ ಮಣ್ಣಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಇದೂ ನನ್ನ ಉತ್ತರಪತ್ರಿಕೆಯಲ್ಲಿತ್ತು. ಇದಕ್ಕೂ ಪೂರ್ತಿ ಅಂಕ ಬಂದಿತ್ತು.

ಇನ್ನು ತಮ್ಮ ನೋಟೀಸು. ಬೀಜ ಕಡಿಮೆಯಾದರೆ ಹಿಂದಿನ ವರ್ಷದ ದಾಸ್ತಾನಿನಿಂದ ಏಕೆ ಬಿತ್ತಲಿಲ್ಲ ಎಂದು ಕೇಳಿದ್ದೀರಿ. ಮಾನ್ಯರೇ, ಈ ಕಾಡಿನ ಬಹುಪಾಲು ಬೀಜಗಳಿಗೆ ಕಾಯುವುದು ಗೊತ್ತಿಲ್ಲ. ಒಣಗಿಸಿದರೆ ಸಾಯುತ್ತವೆ, ತಣ್ಣಗಿಟ್ಟರೆ ಸಾಯುತ್ತವೆ. ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ಮಣ್ಣು ಸಿಗಬೇಕು. ಅದಕ್ಕೇ ಅಮ್ಮ ಗೋಣಿಚೀಲವನ್ನು ತೋಯಿಸಿ ಹೊತ್ತು, ತಂದ ದಿನವೇ ಬಿತ್ತುತ್ತಿದ್ದದ್ದು. ಬೀಜ ಸಂಗ್ರಹಿಸಿಡಲು ತಮ್ಮ ಕಚೇರಿ ಆರು ವರ್ಷದ ಹಿಂದೆ ಒಂದು ಕಬ್ಬಿಣದ ಕಪಾಟು ಕಳುಹಿಸಿತು. ನರ್ಸರಿಯ ಹೆಂಗಸರು ಅದರಲ್ಲಿ ಕೊಡೆಗಳನ್ನು ಇಡುತ್ತಾರೆ. ಒಂದೇ ಒಂದು ಸಲ ಅದು ಜೀವವಿರುವ ವಸ್ತುವನ್ನು ಇಟ್ಟುಕೊಂಡಿತು, ಅದೂ ಎರಡು ದಿನ. ಬೇರೆ ಕಡೆಯಿಂದ ಏಕೆ ತರಲಿಲ್ಲ ಎಂದೂ ಕೇಳಿದ್ದೀರಿ. ತಂದಳು. ಬೆಳಿಗ್ಗೆ ಆರಕ್ಕೆ ಹೊರಟು ಸಂಜೆಯವರೆಗೆ ಅಲೆದು, ಒಂದು ಬೊಗಸೆ ಸಿಕ್ಕರೆ ಅದರಲ್ಲೂ ನಾಲ್ಕು ಬೀಜ ಅಲ್ಲೇ ಬಿಟ್ಟು ತಂದಳು. ಸಾವಿರಗಟ್ಟಲೆ ಬೀಜವನ್ನು ಒಂದೆಡೆ ತಂದು ಸುರಿಯುತ್ತಿದ್ದವರು ಇಲ್ಲವಾದ ಮೇಲೆ ಒಬ್ಬ ಹೆಂಗಸು ಎರಡು ಕಾಲಿನಿಂದ ಎಷ್ಟು ಹಾರಬಲ್ಲಳು? ಉದಾಸೀನ ಎಂಬ ಪದ ಬಳಸುವ ಮೊದಲು ತಮ್ಮ ಕಚೇರಿಯ ಯಾರಾದರೂ ಒಬ್ಬರು, ಒಂದು ದಿನ, ಆಕೆಯ ಹಿಂದೆ ನಡೆದಿದ್ದರೆ ಆಗುತ್ತಿರಲಿಲ್ಲವೇ?

ನೋಟೀಸು ಬಂದ ದಿನ ಅಮ್ಮ ಒಲೆಯ ಮುಂದೆ ಕುಳಿತು, ಓದು ಎಂದಳು. ಓದಿದೆ. ಅಕ್ಷಮ್ಯ ಎಂದರೇನು ಎಂದು ಕೇಳಿದಳು. ಕ್ಷಮಿಸಲಾಗದ್ದು ಎಂದೆ. ಒಲೆಗೆ ಒಂದು ಕಟ್ಟಿಗೆ ಒತ್ತಿ, "ಉತ್ತರ ನೀನೇ ಬರ್ಕೊಡು. ನೀನು ಚೆನ್ನಾಗಿ ಬರೀತೀಯ," ಎಂದಳು.

ಆ ಮರಕ್ಕೆ ಪಟ್ಟಿ ಬಳಿದದ್ದು ನಾನೆಂದು ಬರೆಯುತ್ತೇನೆ ಎಂದೆ.

"ಅದು ಬೇಡ. ನಿನ್ನ ಕೆಲಸದ ಕಾಗದ ಅವರ ಮೇಜಿನ ಮೇಲಿದೆ. ನಂಗೆ ವಯಸ್ಸಾಯ್ತು, ಮುಂಚಿನಂಗೆ ನಡೆಯೋಕಾಗಲ್ಲ ಅಂತ ಬರಿ. ಅದೂ ಸುಳ್ಳೇನಲ್ಲ."

ಹೌದು, ಮಾನ್ಯರೇ. ಸಹಾಯಕ ಅರಣ್ಯಾಧಿಕಾರಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ನೇಮಕಾತಿ ಆದೇಶ ತಮ್ಮ ಸಹಿಗೆ ಕಾಯುತ್ತಿದೆ. ನನ್ನ ತಪ್ಪನ್ನು ತನ್ನ ಮುಪ್ಪೆಂದು ಬರೆದುಕೊಡಲು ಹೇಳಿದ ಆಕೆ ಎದ್ದುಹೋಗಿ ಮರುದಿನದ ಗೋಣಿಚೀಲವನ್ನು ನೀರಿನಲ್ಲಿ ನೆನೆಹಾಕಿದಳು. ಆವತ್ತು ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತದ್ದೂ ಹೀಗೆಯೇ. ಇನ್ನೊಂದು ಸಲ ನನ್ನ ಡಬ್ಬಿಯನ್ನು ಆಕೆಯ ಕೈಗೆ ಕೊಡಲು ನನ್ನಿಂದಾಗದು. ಈ ಪತ್ರವನ್ನು ಆಕೆಗೆ ಹೇಳದೆ ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಓದಿ ಹೇಳುವವಳೂ ನಾನೇ ಆದ್ದರಿಂದ, ಆ ಶಿಕ್ಷೆ ತಾವು ವಿಧಿಸಬೇಕಾಗಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ನನ್ನ ತಾಯಿಯ ಮೇಲಿನ ನೋಟೀಸನ್ನು ಹಿಂದಕ್ಕೆ ಪಡೆದು ಅದನ್ನು ನನ್ನ ಹೆಸರಿಗೆ ಬರೆಯಿರಿ. "ಅಕ್ಷಮ್ಯ" ಎಂಬ ಪದವನ್ನು ಹಾಗೇ ಬಿಡಿ, ಅದು ಸರಿಯಾದ ವಿಳಾಸಕ್ಕೆ ಬರಲಿ. ನೇಮಕಾತಿ ಆದೇಶವನ್ನು ತಾವು ಏನು ಮಾಡುತ್ತೀರೋ ತಮಗೆ ಬಿಟ್ಟದ್ದು. ಆದರೆ ಪಟ್ಟಿ ಬಳಿದ ನೂರ ಐವತ್ತೆಂಟರಲ್ಲಿ ನಲವತ್ತು ಮರಗಳು ಬಿದ್ದಿವೆ, ಉಳಿದ ನೂರ ಹದಿನೆಂಟನ್ನು ಮುಂದಿನ ತಿಂಗಳು ಕಡಿಯಲು ಆದೇಶವಾಗಿದೆ. ಅವುಗಳಲ್ಲಿ ಎಷ್ಟು ಮರಗಳೊಳಗೆ ಈಗ ಹಾರಲಾರದ ತಾಯಿ ಕುಳಿತಿದ್ದಾಳೆಂದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಡಿತದ ಆ ಯಾದಿಯಲ್ಲಿರುವುದು ನನ್ನ ಕೊಡತಿ ಕೇಳಿಸಿಕೊಂಡದ್ದು ಮಾತ್ರ. ಅದನ್ನು ರದ್ದು ಮಾಡಿ. ಪ್ರತಿ ಮರದ ಬುಡದಲ್ಲೂ ಒಂದು ವರ್ಷ ಯಾರಾದರೂ ಕುಳಿತು ನೋಡಲಿ, ಮಳೆ ಹೆಚ್ಚಿದಾಗಲೂ, ಕಡಿಮೆಯಾದಾಗಲೂ. ಬೇರೆ ಯಾರೂ ಸಿಗದಿದ್ದರೆ ನಾನು ಕೂರುತ್ತೇನೆ. ಹೇಗೆ ನೋಡಬೇಕೆಂದು ಕಲಿಸಲು ನನ್ನ ತಾಯಿಯನ್ನು ಕೇಳಿಕೊಳ್ಳುತ್ತೇನೆ. ಒಪ್ಪುತ್ತಾಳೋ ಇಲ್ಲವೋ ಆಕೆಯ ಇಷ್ಟ.

ತಮ್ಮ ಮೆಚ್ಚುಗೆ ಪತ್ರವನ್ನು ಇಂದಿನ ಟಪಾಲಿನಲ್ಲಿ ಹಿಂದಿರುಗಿಸಿದ್ದೇನೆ. ಅದರಲ್ಲಿ ದೋಷರಹಿತ ಎಂದಿದೆ. ಒಂದು ದೋಷವಿತ್ತು, ಅದನ್ನು ಈಗ ತಿದ್ದುತ್ತಿದ್ದೇನೆ. ಮರವಿಲ್ಲವಾದರೂ ನಮೂನೆ ತಮ್ಮ ಕಡತದಲ್ಲಿದೆಯಲ್ಲ. ದಯವಿಟ್ಟು ಇದನ್ನು ಅದಕ್ಕೆ ಲಗತ್ತಿಸಿಕೊಳ್ಳಿ.

ಮರ ಸಂಖ್ಯೆ ನೂರ ಹದಿನೇಳು. ಹನ್ನೊಂದನೆಯ ಅಂಕಣ. ವಿಶೇಷ ಟಿಪ್ಪಣಿ: ಇದು ಸಂಸಾರವಿರುವ ಮನೆ. ಈಗ ಊರಿಗೆ ಹೋಗಿದ್ದಾರೆ. ಮಳೆ ಕಡಿಮೆಯಾದ ಮೇಲೆ ಬರುತ್ತಾರೆ.

ಇಂತಿ,
ಒಂದೂ ಕಾಟಿಲ್ಲದೆ ಬರೆದು ತಪ್ಪು ಮಾಡಿದ,
ಬೀಜದಕ್ಕನ ಮಗಳು